ಮುಜಂಟಿ ಜೇನುತುಪ್ಪದ ಗುಣ ಪರೀಕ್ಷೆ: ಒಂದೇ ದ್ರಾವಣ, ನಾಲ್ಕು ಪರೀಕ್ಷೆ

ಮುಜಂಟಿ ಜೇನುತುಪ್ಪದ ಒಂದು ಹನಿಯನ್ನು ಕಾಗದದ ಮೇಲೆ ಬಿಡಿ. ಸ್ವಲ್ಪ ಹೊತ್ತಿಗೆ ಸುತ್ತ ಒದ್ದೆ ಹರಡುತ್ತದೆ. ನೀರಿಗೆ ಹಾಕಿದರೆ ಬೇಗ ಕರಗುತ್ತದೆ. ಬತ್ತಿಗೆ ಹಚ್ಚಿ ಕಡ್ಡಿ ಗೀರಿದರೆ ಚಟಪಟ ಅನ್ನುತ್ತದೆಯೇ ಹೊರತು ಸರಿಯಾಗಿ ಉರಿಯುವುದಿಲ್ಲ. ಮನೆಮನೆಯಲ್ಲೂ ಹೇಳುವ ಈ ಮೂರೂ ಪರೀಕ್ಷೆಗಳಲ್ಲಿ ಅಪ್ಪಟ ಮುಜಂಟಿ ತುಪ್ಪ ಫೇಲಾಗುತ್ತದೆ, ಗಟ್ಟಿಯಾದ ಸಕ್ಕರೆ ಪಾಕ ಪಾಸಾಗುತ್ತದೆ. ಈ ಪರೀಕ್ಷೆಗಳು ಅಳೆಯುವುದು ನೀರಿನಂಶವನ್ನು ಮಾತ್ರ. ಮುಜಂಟಿ (ಕೊಂಡಿಯಿಲ್ಲದ ಪುಟ್ಟ ಜೇನು; ಮಿಸ್ರಿ, ನಸರು ಅಂತಲೂ ಕರೆಯುತ್ತಾರೆ) ತುಪ್ಪದಲ್ಲಿ ಸಾಮಾನ್ಯವಾಗಿ ಶೇ. 25ರಿಂದ 35ರವರೆಗೆ ನೀರಿರುತ್ತದೆ. ಅದು ಕಲಬೆರಕೆಯಲ್ಲ, ಆ ತುಪ್ಪದ ಹುಟ್ಟುಗುಣ.

ಹಾಗಂತ ಎಲ್ಲವನ್ನೂ ಪ್ರಯೋಗಾಲಯಕ್ಕೆ ಕಳಿಸಬೇಕಾಗಿಯೂ ಇಲ್ಲ. ಅಲ್ಲಿ ನೀರಿನಂಶಕ್ಕೆ ಕಾರ್ಲ್ ಫಿಶರ್ ವಿಧಾನ ಬಳಸಿದರೆ ಮೆಥನಾಲ್, ಅಯೋಡಿನ್, ಗಂಧಕದ ಡೈಆಕ್ಸೈಡ್ ಬೇಕು. ಬೂದಿಯಂಶಕ್ಕೆ 550 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆ ಗಂಟೆಗಟ್ಟಲೆ ಉರಿಯಬೇಕು. ಎಚ್‌ಎಂಎಫ್‌ಗೆ (ತುಪ್ಪ ಕಾಯಿಸಿದಾಗ ಅಥವಾ ಹಳತಾದಾಗ ಸಕ್ಕರೆಯಿಂದ ಹುಟ್ಟುವ ವಸ್ತು) ಹಳೆಯ ವಿಂಕ್ಲರ್ ವಿಧಾನ ಹಿಡಿದರೆ ಪ್ಯಾರಾಟೊಲುಯಿಡಿನ್ ಎಂಬ ವಿಷಕಾರಿ ವಸ್ತು ಬೇಕು. ಇಷ್ಟೆಲ್ಲ ಖರ್ಚು ಮಾಡುವ ಮೊದಲೇ, ಹತ್ತು ಗ್ರಾಂಗಿಂತ ಕಡಿಮೆ ತುಪ್ಪ, ಸ್ವಲ್ಪ ಬಟ್ಟಿ ಇಳಿಸಿದ ನೀರು, ಅರಿಶಿನ, ಅಡುಗೆ ಸೋಡಾ, ಚೂರು ಕಾಸ್ಟಿಕ್ ಸೋಡಾ, ಸಿಟ್ರಿಕ್ ಆಮ್ಲ ಮತ್ತು ಕೆಲವು ಸಣ್ಣ ಉಪಕರಣಗಳಿಂದ ಮುಕ್ಕಾಲು ಪಾಲು ಉತ್ತರ ಸಿಗುತ್ತದೆ. ಪರೀಕ್ಷೆಗಳನ್ನು ಯಾವ ಕ್ರಮದಲ್ಲಿ ಮಾಡುತ್ತೀರಿ ಅನ್ನುವುದು ಮುಖ್ಯ. ಕ್ರಮ ತಪ್ಪಿದರೆ ಅದೇ ತುಪ್ಪವನ್ನು ಮತ್ತೆ ಮತ್ತೆ ಕಲಸಬೇಕಾಗುತ್ತದೆ.

ಯಾವ ಅಳತೆಗೋಲು ಹಿಡಿಯಬೇಕು

ಕೋಡೆಕ್ಸ್‌ನ (ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ) ಜೇನುತುಪ್ಪದ ಮಾನದಂಡವನ್ನು ಬರೆದಿರುವುದು ಎರಿಗಳಲ್ಲಿ ತುಪ್ಪ ತುಂಬುವ ಜೇನಿಗೆ. ಅದರಲ್ಲಿ ನೀರು ಶೇ. 20 ಮೀರಬಾರದು, ಮುಕ್ತ ಆಮ್ಲ ಕಿಲೋಗೆ 50 ಮಿಲಿ ಈಕ್ವಿವಲೆಂಟ್ (ಆಮ್ಲದ ಪ್ರಮಾಣ ಹೇಳುವ ಏಕಮಾನ) ಮೀರಬಾರದು ಎಂದಿದೆ. ಮೇಣ ಮತ್ತು ರಾಳ ಬೆರೆಸಿ ಕಟ್ಟಿದ ಕುಡಿಕೆಯಲ್ಲಿ ತುಪ್ಪ ತುಂಬುವ ಮುಜಂಟಿಗೆ ಈ ಎರಡೂ ಮಿತಿ ಹೊಂದುವುದಿಲ್ಲ. ಮುಜಂಟಿ ಬಗೆಯ ತುಪ್ಪಕ್ಕೆಂದೇ ಬರೆದ ಮಾನದಂಡಗಳಲ್ಲಿ ಮಲೇಷ್ಯಾದ ಎಂಎಸ್ 2683:2017 ಕೈಗೆ ಸುಲಭವಾಗಿ ಸಿಗುವಂಥದ್ದು: ನೀರು ಗರಿಷ್ಠ ಶೇ. 35, ಪಿಎಚ್ 2.5ರಿಂದ 3.8, ಎಚ್‌ಎಂಎಫ್ ಕಿಲೋಗೆ ಗರಿಷ್ಠ 30 ಮಿ.ಗ್ರಾಂ. ಆದರೆ ಜಗತ್ತಿನಲ್ಲಿ ಕೊಂಡಿಯಿಲ್ಲದ ಜೇನಿನ ಪ್ರಭೇದಗಳು ಐನೂರಕ್ಕೂ ಹೆಚ್ಚು ಇವೆ. ಒಂದು ಪ್ರಭೇದದ ಅಂಕಿ ಇನ್ನೊಂದಕ್ಕೆ ಹಾಗೆಯೇ ಕೂರುವುದಿಲ್ಲ. ಆದ್ದರಿಂದ ನಿಮ್ಮ ಗೂಡುಗಳದ್ದೇ, ಕಣ್ಣೆದುರು ತೆಗೆದ ತುಪ್ಪದ ಅಂಕಿಗಳನ್ನು ಒಂದೆರಡು ಋತು ಬರೆದಿಟ್ಟುಕೊಳ್ಳಿ. ಹೋಲಿಕೆಗೆ ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಮಾದರಿ ತೆಗೆಯುವುದು

ಗೂಡನ್ನೇ ಕಿತ್ತು ಹಿಂಡಿದರೆ ಪರಿಸರಸ್ನೇಹಿ ಪರೀಕ್ಷೆ ಎಂಬ ಮಾತಿಗೆ ಅರ್ಥವಿಲ್ಲ. ಪರೀಕ್ಷೆಯ ಫಲಿತಾಂಶವೂ ಕೆಡುತ್ತದೆ. ಹಿಂಡಿದ ತುಪ್ಪದಲ್ಲಿ ಪರಾಗದ ಕುಡಿಕೆಗಳ ಪರಾಗ, ರಾಳ, ಕೆಲವೊಮ್ಮೆ ಮರಿಗಳ ರಸವೂ ಸೇರಿರುತ್ತದೆ. ಮುಚ್ಚಿದ ತುಪ್ಪದ ಕುಡಿಕೆಗಳನ್ನು ಮಾತ್ರ ಆರಿಸಿ. ಬಾಯಿ ತೆರೆದ ಕುಡಿಕೆಯ ತುಪ್ಪ ಇನ್ನೂ ಹಣ್ಣಾಗಿರುವುದಿಲ್ಲ, ನೀರು ಹೆಚ್ಚಿರುತ್ತದೆ. ಕುದಿನೀರಲ್ಲಿ ಅದ್ದಿ ಆರಿಸಿದ ದಪ್ಪ ಸೂಜಿಯ ಸಿರಿಂಜ್‌ನಿಂದ ಕುಡಿಕೆಯ ಮೇಲ್ಭಾಗಕ್ಕೆ ಚುಚ್ಚಿ ನಿಧಾನವಾಗಿ ಎಳೆದುಕೊಳ್ಳಿ. ಗೂಡಿನ ಬೇರೆಬೇರೆ ಕಡೆಯ ಹಲವು ಕುಡಿಕೆಗಳಿಂದ ತೆಗೆದು ಬೆರೆಸಿದರೆ ಅದು ಆ ಗೂಡಿನ ಮಾದರಿ. ಕೊನೆಯ ಬಾಳಿಕೆ ಪರೀಕ್ಷೆಯೂ ಸೇರಿದರೆ ಈ ಮಾರ್ಗದರ್ಶಿಯ ಎಲ್ಲ ಪರೀಕ್ಷೆಗಳಿಗೂ 75 ಗ್ರಾಂ ಧಾರಾಳ.

ಚುಚ್ಚಿದ ಕುಡಿಕೆಯಿಂದ ತುಪ್ಪ ಸೋರಿ ಗೂಡೊಳಗೆ ಹರಿಯಬಾರದು. ಸೋರಿದ ತುಪ್ಪ ಮತ್ತು ಒಡೆದ ಪರಾಗದ ಕುಡಿಕೆಯ ವಾಸನೆಗೆ ಫೋರಿಡ್ ನೊಣಗಳು ಬಂದು ಮೊಟ್ಟೆಯಿಡುತ್ತವೆ. ಅವುಗಳ ಹುಳು ಇಡೀ ಕುಟುಂಬವನ್ನೇ ಮುಗಿಸಬಲ್ಲದು. ಮುಚ್ಚುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ.

ತುಪ್ಪವನ್ನು ಒಣಗಿದ ಗಾಜಿನ ಬಾಟಲಿಗೆ ಹಾಕಿ, ಕಾಲು ಭಾಗ ಖಾಲಿ ಬಿಡಿ. ತುಂಬಿಸಿ ಬಿಗಿದರೆ ಹುದುಗಿನ ಅನಿಲಕ್ಕೆ ಮುಚ್ಚಳ ಹಾರುತ್ತದೆ, ಬಾಟಲಿ ಸೀಳುವುದೂ ಉಂಟು. ಅದೇ ದಿನ ಅಥವಾ ಮರುದಿನ ಪರೀಕ್ಷೆ ಮಾಡಿ, ಅಲ್ಲಿಯವರೆಗೆ ಫ್ರಿಜ್ಜಿನಲ್ಲಿಡಿ. ತೆಳುವಾಗಲಿ ಎಂದು ಬಿಸಿ ಮಾಡಬೇಡಿ.

ಮೊದಲು ನೀರಿನಂಶ

ಮುಂದಿನ ಲೆಕ್ಕಗಳೆಲ್ಲ ಈ ಒಂದು ಅಂಕಿಯ ಮೇಲೆ ನಿಲ್ಲುವುದರಿಂದ ಶುರು ಇಲ್ಲಿಂದಲೇ. ಉಪಕರಣ ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್, ಬೆಳಕು ಎಷ್ಟು ಬಾಗುತ್ತದೆ ಎಂಬುದರಿಂದ ಸಕ್ಕರೆಯ ಪ್ರಮಾಣ ತೋರಿಸುವಂಥದ್ದು. ರಾಸಾಯನಿಕ ಬೇಡ, ಕರೆಂಟ್ ಬೇಡ, ಮೂರು ಹನಿ ತುಪ್ಪ ಸಾಕು. ಕೊಳ್ಳುವಾಗ ಒಂದು ವಿಷಯ ನೋಡಿ: ಜೇನಿಗೆಂದೇ ಮಾರುವ ಅನೇಕ ಮೀಟರುಗಳ ನೀರಿನ ಸ್ಕೇಲ್ ಶೇ. 27ಕ್ಕೇ ಮುಗಿಯುತ್ತದೆ. ಮುಜಂಟಿ ತುಪ್ಪ ಇಟ್ಟರೆ ಗೆರೆಯೇ ಕಾಣುವುದಿಲ್ಲ, ಮೀಟರ್ ಕೆಟ್ಟಿದೆ ಅನ್ನಿಸುತ್ತದೆ. 58ರಿಂದ 90 ಬ್ರಿಕ್ಸ್ ಸ್ಕೇಲ್ ಇರುವುದನ್ನು ತೆಗೆದುಕೊಳ್ಳಿ.

ಈ ಮೀಟರನ್ನು ನೀರಿನಿಂದ ಸೊನ್ನೆಗೆ ಹೊಂದಿಸಲು ಆಗುವುದಿಲ್ಲ. ಮಾರುಕಟ್ಟೆಯ ಕ್ಯಾಲಿಬ್ರೇಶನ್ ಎಣ್ಣೆಯ ಬದಲು ಸಕ್ಕರೆ ದ್ರಾವಣ ಮಾಡಿಕೊಳ್ಳಿ. 60.0 ಗ್ರಾಂ ಒಣ ಸಕ್ಕರೆಗೆ 40.0 ಗ್ರಾಂ ಬಟ್ಟಿ ಇಳಿಸಿದ ನೀರು ಹಾಕಿ, ಮುಚ್ಚಿದ ಬಾಟಲಿಯಲ್ಲಿ ಬಿಸಿನೀರಿನ ಸ್ನಾನಕ್ಕಿಟ್ಟು ಕರಗಿಸಿ, ಆರಿದ ಮೇಲೆ ಮತ್ತೆ ತೂಗಿ. ಎಷ್ಟು ಗ್ರಾಂ ಆವಿಯಾಗಿದೆಯೋ ಅಷ್ಟು ನೀರು ಸೇರಿಸಿ ಕುಲುಕಿ. ಅದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿ 60 ಬ್ರಿಕ್ಸ್ ತೋರಿಸಬೇಕು. ತೋರಿಸದಿದ್ದರೆ ಮೀಟರಿನ ತಿರುಪನ್ನು ತಿರುಗಿಸಿ ಹೊಂದಿಸಿ. ಬಳಸಿ ಉಳಿದದ್ದನ್ನು ಇಟ್ಟುಕೊಳ್ಳಬೇಡಿ, ಬೂಸ್ಟು ಬರುತ್ತದೆ.

ತುಪ್ಪದ ಬಾಟಲಿಯನ್ನು ನಿಧಾನವಾಗಿ ಹೊರಳಿಸಿ ಬೆರೆಸಿ (ಕುಲುಕಿದರೆ ಗುಳ್ಳೆ), ಗಾಜಿನ ಮೇಲೆ ಹನಿ ಬಿಟ್ಟು ಮುಚ್ಚಿ, ಒಂದು ನಿಮಿಷ ಬಿಡಿ. ತುಪ್ಪ ಗಾಜಿನ ಉಷ್ಣತೆಗೆ ಬರಬೇಕು. ಮೂರು ಸಲ ಓದಿ ಸರಾಸರಿ ಹಿಡಿಯಿರಿ. ಗೆರೆ ಮಸುಕಾಗಿದ್ದರೆ ಗುಳ್ಳೆ ಅಥವಾ ಮೇಣದ ಚೂರು ಇದೆ. ಓದಿನಿಂದ ಓದಿಗೆ ಬ್ರಿಕ್ಸ್ ಬದಲಾಗುತ್ತಿದ್ದರೆ ಹಿಂದಿನ ಸಲ ಒರೆಸಿದ ನೀರು ಗಾಜಿನ ಮೇಲೆ ಉಳಿದಿದೆ. ಉಷ್ಣತೆಯನ್ನು ತಾನೇ ಸರಿದೂಗಿಸದ ಮೀಟರ್ ಆಗಿದ್ದರೆ 20 ಡಿಗ್ರಿ ಮೀರಿದ ಪ್ರತಿ ಡಿಗ್ರಿಗೆ ಸುಮಾರು 0.09 ಬ್ರಿಕ್ಸ್ ಕೂಡಿಸಿ.

ಬ್ರಿಕ್ಸ್ ಎಂಬುದು ಸಕ್ಕರೆ ದ್ರಾವಣದ ಅಳತೆ, ತುಪ್ಪದ್ದಲ್ಲ. ಆದ್ದರಿಂದ ನೂರರಿಂದ ಬ್ರಿಕ್ಸ್ ಕಳೆದು, ಇನ್ನೂ 1.5 ಕಳೆದರೆ ನೀರಿನ ಶೇಕಡಾವಾರು ಸಿಗುತ್ತದೆ. 69.0 ಬ್ರಿಕ್ಸ್ ಬಂದಿದ್ದರೆ ನೀರು ಶೇ. 29.5. ಈ ಲೆಕ್ಕ ಅಂದಾಜಿನದೇ, ಆದರೆ ತುಪ್ಪವನ್ನು ಒಲೆಯಲ್ಲಿ ಒಣಗಿಸಿ ತೂಗುವುದಕ್ಕಿಂತ ವಾಸಿ. 100 ಡಿಗ್ರಿ ದಾಟಿದರೆ ಫ್ರಕ್ಟೋಸ್ ಒಡೆದು ಅದರ ತೂಕವೂ ನೀರಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಒಂದು ದ್ರಾವಣ ಮಾಡಿ

ಈಗ 5 ಗ್ರಾಂ ಒಣ ಅಂಶ ಇರುವಷ್ಟು ತುಪ್ಪವನ್ನು ತೂಗಬೇಕು. ಲೆಕ್ಕ ಹೀಗೆ: 500ನ್ನು, ನೂರರಿಂದ ನೀರಿನಂಶ ಕಳೆದ ಅಂಕಿಯಿಂದ ಭಾಗಿಸಿ. ಮೇಲಿನ ತುಪ್ಪಕ್ಕೆ 500 ÷ 70.5, ಅಂದರೆ 7.09 ಗ್ರಾಂ. ಇದನ್ನು ಕುದಿಸಿ ಮುಚ್ಚಿ ಆರಿಸಿದ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, 25 ಮಿ.ಲೀ. ಗೆರೆಯ ಫ್ಲಾಸ್ಕಿಗೆ ಸುರಿದು, ಪಾತ್ರೆ ತೊಳೆದ ನೀರನ್ನೂ ಅದಕ್ಕೇ ಹಾಕಿ, ಗೆರೆಯವರೆಗೆ ತುಂಬಿ. ಕುದಿಸುವುದು ಇಂಗಾಲದ ಡೈಆಕ್ಸೈಡ್ ಹೋಗಲಿ ಎಂದು. ಅದು ಉಳಿದರೆ ಆಮ್ಲದ ಲೆಕ್ಕ ಏರುತ್ತದೆ. ಈ 25 ಮಿ.ಲೀ.ನಲ್ಲಿ ವಿದ್ಯುತ್ ವಾಹಕತೆ, ಪಿಎಚ್, ಎರಡು ಸಲ ಆಮ್ಲ, ಕೊನೆಗೆ ಪರಾಗ ಎಲ್ಲವನ್ನೂ ನೋಡಬಹುದು.

ವಾಹಕತೆಯನ್ನು ಎಲ್ಲಕ್ಕಿಂತ ಮೊದಲು ಅಳೆಯಿರಿ. ಪಿಎಚ್ ಮೀಟರಿನ ಎಲೆಕ್ಟ್ರೋಡ್‌ನಿಂದ ಪೊಟ್ಯಾಸಿಯಂ ಕ್ಲೋರೈಡ್ ಸಣ್ಣಗೆ ಸೋರುತ್ತಲೇ ಇರುತ್ತದೆ. ಅದನ್ನು ಮೊದಲು ಅದ್ದಿದರೆ ಆಮೇಲೆ ವಾಹಕತೆ ಸುಳ್ಳು ಹೇಳುತ್ತದೆ. ಜೇಬಿನ ವಾಹಕತೆ ಮೀಟರನ್ನು ಮೈಕ್ರೋಸೀಮೆನ್ಸ್‌ಗೆ ಇಡಿ, ಟಿಡಿಎಸ್‌ಗಲ್ಲ. ಪರೀಕ್ಷಿಸಲು ಲೀಟರಿಗೆ 0.746 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಹಾಕಿದ ನೀರು ಸಾಕು, 25 ಡಿಗ್ರಿಯಲ್ಲಿ 1413 ಮೈಕ್ರೋಸೀಮೆನ್ಸ್ ತೋರಿಸಬೇಕು. ತುಪ್ಪದ ಅಳತೆ ರೂಢಿಯಲ್ಲಿರುವುದು 20 ಡಿಗ್ರಿಯಲ್ಲಿ, ಅನೇಕ ಮೀಟರುಗಳು 25ಕ್ಕೆ ಪರಿವರ್ತಿಸಿ ತೋರಿಸುತ್ತವೆ. ಯಾವುದು ಎಂದು ಪಕ್ಕದಲ್ಲೇ ಬರೆಯದಿದ್ದರೆ ಮುಂದಿನ ವರ್ಷ ಹೋಲಿಸುವಾಗ ತಲೆ ಕೆಡುತ್ತದೆ.

ವಾಹಕತೆಯಿಂದ ಬೂದಿಯಂಶವನ್ನು ಅಂದಾಜು ಮಾಡಬಹುದು: ಮೈಕ್ರೋಸೀಮೆನ್ಸ್ ಅಂಕಿಯನ್ನು ಸಾವಿರದಿಂದ ಭಾಗಿಸಿದರೆ ಸಿಗುವ, ಸೆಂ.ಮೀ.ಗೆ ಇಷ್ಟು ಮಿಲಿಸೀಮೆನ್ಸ್ ಎಂಬ ಅಂಕಿಯಿಂದ 0.14 ಕಳೆದು 1.74ರಿಂದ ಭಾಗಿಸಿ. 0.90 ಬಂದಿದ್ದರೆ ಬೂದಿ ಸುಮಾರು ಶೇ. 0.44. ಈ ಸೂತ್ರ ಸಾಮಾನ್ಯ ಜೇನುತುಪ್ಪದಿಂದ ಬಂದದ್ದು. ಮುಜಂಟಿ ತುಪ್ಪದ ಹೆಚ್ಚಿನ ಆಮ್ಲವೂ ವಿದ್ಯುತ್ತನ್ನು ಹಾಯಿಸುವುದರಿಂದ ನಿಜವಾದ ಬೂದಿ ಇದಕ್ಕಿಂತ ಕಡಿಮೆಯೇ ಇರುತ್ತದೆ. ಅದಕ್ಕಿಂತ ಉಪಯೋಗದ ಮಾತೆಂದರೆ, ಸಕ್ಕರೆ ಪಾಕದಲ್ಲಿ ಖನಿಜ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಗೂಡುಗಳ ತುಪ್ಪದಲ್ಲಿ ಸದಾ ಬರುವ ಅಂಕಿಯ ಅರ್ಧಕ್ಕೆ ವಾಹಕತೆ ಇಳಿದಿದ್ದರೆ ಅನುಮಾನ ಪಡಲು ಕಾರಣವಿದೆ.

ಮುಂದೆ ಪಿಎಚ್. ಮೀಟರನ್ನು 7 ಮತ್ತು 4ರ ಬಫರಿಗೆ ಹೊಂದಿಸಿಕೊಳ್ಳಿ. ಮೀಟರ್ ಇಲ್ಲದಿದ್ದರೆ ಕಿರು ವ್ಯಾಪ್ತಿಯ ಪಿಎಚ್ ಪಟ್ಟಿ ಬಳಸಿ. 1ರಿಂದ 14ರವರೆಗಿನ ಪಟ್ಟಿಯಲ್ಲಿ 3.2 ಯಾವುದು, 3.9 ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಶಂಖಪುಷ್ಪದ ನೀಲಿ ನೀರು ಹುಳಿಗೆ ನೇರಳೆಯಾಗಿ ಗುಲಾಬಿಗೆ ತಿರುಗುವುದು ನೋಡಲು ಚೆಂದ, ಆದರೆ ತುಪ್ಪದ ಕಂದು ಬಣ್ಣದ ನಡುವೆ ಅದರಿಂದ ದಶಮಾಂಶದ ಅಂಕಿ ಹೇಳಲು ಹೋಗಬೇಡಿ.

ಅರಿಶಿನದ ಆಮ್ಲ ಪರೀಕ್ಷೆ

ಮಾಮೂಲು ವಿಧಾನದಲ್ಲಿ 10 ಗ್ರಾಂ ತುಪ್ಪ, 75 ಮಿ.ಲೀ. ನೀರು ಮತ್ತು ಫಿನಾಲ್ಫ್ಥಲೀನ್ ಬೇಕು. ಫಿನಾಲ್ಫ್ಥಲೀನ್ ಕ್ಯಾನ್ಸರಿನ ಶಂಕೆಯಿರುವ ವಸ್ತು. ಇಲ್ಲಿ ಅಳತೆಯನ್ನು ಐದನೇ ಒಂದಕ್ಕೆ ಇಳಿಸಿ ಸೂಚಕವನ್ನೂ ಬದಲಿಸುತ್ತೇವೆ.

ಅರಿಶಿನದ ಕೊಂಬನ್ನು ಪುಡಿ ಮಾಡಿ 1 ಗ್ರಾಂ ಪುಡಿಗೆ 20 ಮಿ.ಲೀ. ಎಥನಾಲ್ ಹಾಕಿ ಅರ್ಧ ಗಂಟೆ ಬಿಟ್ಟು ಸೋಸಿ. ಅಂಗಡಿಯ ಪುಡಿ ಬೇಡ, ಬಣ್ಣ ಬೆರೆತಿದ್ದರೆ ಆ ಬಣ್ಣವೇ ಆಮ್ಲಕ್ಕೆ ಬದಲಾಗಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಈ ಸಾರ ಹಳದಿಯಿಂದ ಕಿತ್ತಳೆಗೆ, ಆಮೇಲೆ ಕೆಂಗಂದಿಗೆ ತಿರುಗುವುದು ಪಿಎಚ್ 8ರ ಅಕ್ಕಪಕ್ಕ. ನಮಗೆ ಬೇಕಾದ ಕೊನೆಬಿಂದು 8.3. ಬಣ್ಣ ನಿಧಾನವಾಗಿ ತಿರುಗುವುದರಿಂದ ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಪಕ್ಕದಲ್ಲೊಂದು ಮಾದರಿ ಬಣ್ಣ ಬೇಕು. 0.84 ಗ್ರಾಂ ಅಡುಗೆ ಸೋಡಾವನ್ನು 100 ಮಿ.ಲೀ. ತಣ್ಣೀರಿನಲ್ಲಿ ಕರಗಿಸಿದರೆ ಅದರ ಪಿಎಚ್ ಹೆಚ್ಚುಕಡಿಮೆ 8.3 ಇರುತ್ತದೆ. ಅದರ 15 ಮಿ.ಲೀ.ಗೆ ಎರಡು ಹನಿ ಅರಿಶಿನ ಸಾರ ಹಾಕಿದರೆ ಮಾದರಿ ಬಣ್ಣ ಸಿದ್ಧ. ಬೇಕಾದಾಗ ಹೊಸದಾಗಿಯೇ ಮಾಡಿಕೊಳ್ಳಿ. ಬಿಸಿ ಮಾಡಿದರೆ ಅಥವಾ ಹಿಂದಿನ ದಿನದ್ದು ಬಳಸಿದರೆ ಪಿಎಚ್ ಏರಿರುತ್ತದೆ.

ಕಾಸ್ಟಿಕ್ ಸೋಡಾ ದ್ರಾವಣ 0.05 ಮೋಲಾರ್ ಬೇಕು: 2 ಗ್ರಾಂ ಕಾಸ್ಟಿಕ್ ಸೋಡಾ, 1 ಲೀಟರ್ ನೀರು. ಕೈಗವಸು, ಕನ್ನಡಕ ಹಾಕಿಕೊಂಡು, ನೀರಿಗೆ ಸೋಡಾ ಹಾಕಿ. ಅದು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಎಳೆದುಕೊಳ್ಳುವುದರಿಂದ ತೂಗಿದ ಲೆಕ್ಕವನ್ನು ನಂಬಬೇಡಿ. 1.92 ಗ್ರಾಂ ನಿರ್ಜಲ ಸಿಟ್ರಿಕ್ ಆಮ್ಲವನ್ನು 100 ಮಿ.ಲೀ. ಮಾಡಿ, ಅದರ 10 ಮಿ.ಲೀ.ಯನ್ನು ಮತ್ತೆ 100 ಮಿ.ಲೀ. ಮಾಡಿ. ಈ ತೆಳು ದ್ರಾವಣದ 2 ಮಿ.ಲೀ.ಗೆ ಸರಿಯಾದ 0.05 ಮೋಲಾರ್ ಸೋಡಾ 1.20 ಮಿ.ಲೀ. ಹಿಡಿಯಬೇಕು. 1.28 ಹಿಡಿದರೆ 0.06 ÷ 1.28, ಅಂದರೆ ನಿಮ್ಮದು 0.0469 ಮೋಲಾರ್. ಸಿಟ್ರಿಕ್ ಆಮ್ಲದ ಡಬ್ಬಿಯ ಮೇಲೆ ಮೋನೋಹೈಡ್ರೇಟ್ ಎಂದಿದ್ದರೆ 1.92 ಅಲ್ಲ, 2.10 ಗ್ರಾಂ ತೂಗಬೇಕು. ಈ ಒಂದು ಪದ ನೋಡದೆ ಹೋದರೆ ಎಲ್ಲ ಫಲಿತಾಂಶವೂ ಶೇ. 9ರಷ್ಟು ತಪ್ಪಾಗುತ್ತದೆ.

ಈಗ ಕೆಲಸ:

1. ತುಪ್ಪದ ದ್ರಾವಣದ 7 ಮಿ.ಲೀ. ತೆಗೆದು 8 ಮಿ.ಲೀ. ಕುದಿಸಿ ಆರಿಸಿದ ನೀರು ಸೇರಿಸಿ. ನಮ್ಮ ಉದಾಹರಣೆಯಲ್ಲಿ ಇದರಲ್ಲಿ 1.985 ಗ್ರಾಂ ತುಪ್ಪ ಇರುತ್ತದೆ.
2. ಎರಡು ಹನಿ ಅರಿಶಿನ ಸಾರ ಹಾಕಿ.
3. 1 ಮಿ.ಲೀ. ಸಿರಿಂಜ್‌ನಿಂದ ಕಾಸ್ಟಿಕ್ ಸೋಡಾ ದ್ರಾವಣ ಬಿಡುತ್ತಾ ತಿರುಗಿಸುತ್ತಿರಿ. ಮೊದಲು ಬೇಗ, ಕೊನೆಗೆ 0.05ರಂತೆ.
4. ಮಾದರಿ ಬಣ್ಣಕ್ಕೆ ಹೊಂದಿ 10 ಸೆಕೆಂಡ್ ನಿಂತರೆ ಅಲ್ಲಿಗೆ ಮುಗಿಸಿ.
5. ಬರೀ 15 ಮಿ.ಲೀ. ನೀರಿಗೂ ಇದೇ ಮಾಡಿ, ಅದಕ್ಕೆ ಹಿಡಿದದ್ದನ್ನು ಕಳೆಯಿರಿ.

ತುಪ್ಪ ಕಪ್ಪಗಿದ್ದರೆ ಬಣ್ಣ ಹೋಲಿಸುವುದು ಕಷ್ಟ. ಅದಕ್ಕೊಂದು ಹಳೆಯ ಉಪಾಯವಿದೆ. ಕೊಳವೆಗಳನ್ನು ಒಂದರ ಹಿಂದೊಂದು ಇಟ್ಟು ಬೆಳಕಿಗೆ ಹಿಡಿದು ನೋಡಿ: ಮಾದರಿ ಬಣ್ಣದ ಹಿಂದೆ ಅರಿಶಿನ ಹಾಕದ ತುಪ್ಪದ ದ್ರಾವಣ, ಪರೀಕ್ಷೆಯ ಕೊಳವೆಯ ಹಿಂದೆ ಬರೀ ನೀರು. ಆಗ ತುಪ್ಪದ ಕಂದು ಎರಡೂ ಕಡೆ ಸಮವಾಗುತ್ತದೆ, ಕಣ್ಣಿಗೆ ಉಳಿಯುವುದು ಅರಿಶಿನದ ವ್ಯತ್ಯಾಸ ಮಾತ್ರ. ಪಿಎಚ್ ಮೀಟರ್ ಇದ್ದವರಿಗೆ ಈ ತಾಪತ್ರಯವೇ ಇಲ್ಲ, 8.3 ಬಂದಾಗ ನಿಲ್ಲಿಸಿದರಾಯಿತು.

ಎರಡು ನಿಮಿಷದೊಳಗೆ ಮುಗಿಸಿ. ತುಪ್ಪದಲ್ಲಿರುವ ಗ್ಲುಕೋನೋಲ್ಯಾಕ್ಟೋನ್ ಸೋಡಾ ತಾಗಿದೊಡನೆ ನಿಧಾನವಾಗಿ ಒಡೆದು ಹೊಸ ಆಮ್ಲ ಬಿಡುತ್ತದೆ, ಬಣ್ಣ ಹಿಂದಕ್ಕೆ ಹೋಗುತ್ತದೆ. ಅದನ್ನು ಬೆನ್ನಟ್ಟಿ ಸೋಡಾ ಹಾಕುತ್ತ ಕೂತರೆ ಮುಕ್ತ ಆಮ್ಲದ ಬದಲು ಒಟ್ಟು ಆಮ್ಲದ ಕಡೆಗೆ ನಡೆದಿರುತ್ತೀರಿ.

ಲೆಕ್ಕ: ಹಿಡಿದ ಮಿ.ಲೀ. × ಮೋಲಾರ್ × 1000 ÷ ತುಪ್ಪದ ಗ್ರಾಂ. 2.60 ಹಿಡಿದು ನೀರಿಗೆ 0.05 ಕಳೆದರೆ 2.55; 2.55 × 0.0469 × 1000 ÷ 1.985, ಸುಮಾರು 60 ಮಿಲಿ ಈಕ್ವಿವಲೆಂಟ್. ಕೋಡೆಕ್ಸ್ ಮಿತಿ ದಾಟಿತೆಂದು ಗಾಬರಿ ಬೇಡ, ಮುಜಂಟಿ ತುಪ್ಪಕ್ಕೆ ಇದು ಸಹಜ. ಅದೇ ಗೂಡಿನ ತುಪ್ಪ ತಿಂಗಳೊಳಗೆ 60ರಿಂದ 100ಕ್ಕೆ ಹಾರಿದರೆ ಬಾಟಲಿಯಲ್ಲಿ ಹುದುಗು ನಡೆದಿದೆ.

ಉಳಿದ 11 ಮಿ.ಲೀ.

ಎರಡು ಸಲ ಆಮ್ಲ ನೋಡಿದ ಮೇಲೆ 11 ಮಿ.ಲೀ. ಉಳಿದಿರುತ್ತದೆ. ಮೊನಚು ತಳದ ಕೊಳವೆಯಲ್ಲಿ ರಾತ್ರಿ ಫ್ರಿಜ್ಜಿನಲ್ಲಿಟ್ಟರೆ, ಅಥವಾ ಸೆಂಟ್ರಿಫ್ಯೂಜ್‌ನಲ್ಲಿ 10 ನಿಮಿಷ ತಿರುಗಿಸಿದರೆ, ಪರಾಗ ತಳ ಸೇರುತ್ತದೆ. ಮೇಲಿನ ನೀರು ಚೆಲ್ಲಿ ಒಂದು ಹನಿ ಗಸಿಯನ್ನು ಗ್ಲಿಸರಿನ್ ಜೊತೆ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ. ಗಂಧಕಾಮ್ಲ, ಅಸೆಟಿಕ್ ಅನ್‌ಹೈಡ್ರೈಡ್ ಹಾಕಿ ಪರಾಗ ಸುಡುವ ವಿಧಾನ ಹೂವಿನ ಜಾತಿ ಗುರುತಿಸುವವರಿಗೆ ಬೇಕು, ಗುಣ ಪರೀಕ್ಷೆಗೆ ಬೇಡ. ಪರಾಗವೇ ಇಲ್ಲದಿದ್ದರೆ ಅನುಮಾನ. ಮೊಗ್ಗೊಡೆದ ಯೀಸ್ಟ್ ಕಣಗಳು ದಂಡಿಯಾಗಿದ್ದರೆ ಆ ತುಪ್ಪ ಬೇಗ ಹುದುಗುತ್ತದೆ. ಒಂದು ಹನಿ ಅಯೋಡಿನ್‌ಗೆ ಗಸಿಯೆಲ್ಲ ಕಪ್ಪುನೀಲಿಯಾದರೆ ಪಿಷ್ಟ ಬೆರೆತಿದೆ. ಅಲ್ಲೊಂದು ಇಲ್ಲೊಂದು ಕಣ ನೀಲಿಯಾದರೆ ಚಿಂತೆಯಿಲ್ಲ, ಪರಾಗದೊಳಗೂ ಪಿಷ್ಟವಿರುತ್ತದೆ.

ಬಾಳಿಕೆ ತಿಳಿಯಲು 20 ಮಿ.ಲೀ. ತುಪ್ಪವನ್ನು ಸಣ್ಣ ಬಾಟಲಿಗೆ ಹಾಕಿ, ಬಾಯಿಗೆ ಬಲೂನು ಸಿಕ್ಕಿಸಿ 30 ಡಿಗ್ರಿ ಸುಮಾರಿನಲ್ಲಿ ಏಳು ದಿನ ಇಡಿ. ಅದರದ್ದೇ ಜೋಡಿ ಫ್ರಿಜ್ಜಿನಲ್ಲಿರಲಿ. ಬಲೂನು ಎದ್ದು ನಿಂತು, ಪಿಎಚ್ ಇಳಿದಿದ್ದರೆ ಆ ತುಪ್ಪವನ್ನು ಕೋಣೆಯ ಉಷ್ಣತೆಯಲ್ಲಿ ಮಾರಬೇಡಿ. ಹುಳಿ ವಾಸನೆ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಕುಡಿಕೆಯೊಳಗೇ ಸ್ವಲ್ಪ ಹುದುಗುವುದು ಈ ತುಪ್ಪದ ಸ್ವಭಾವ.

ಪ್ರಯೋಗಾಲಯಕ್ಕೆ ಏನು ಬಿಡಬೇಕು

ಮನೆಯಲ್ಲಿ ಆಗದವು ಮೂರು: ಎಚ್‌ಎಂಎಫ್, ಸಕ್ಕರೆಗಳ ವಿಂಗಡಣೆ, ಇಂಗಾಲದ ಐಸೋಟೋಪ್. ತುಪ್ಪವನ್ನು ಕಾಯಿಸಿ ನೀರು ಇಳಿಸಿದ ಅನುಮಾನವಿದ್ದರೆ ಮಾತ್ರ ಎಚ್‌ಎಂಎಫ್ ಕೇಳಿ. ವಿಂಕ್ಲರ್ ಬದಲು ವೈಟ್ ವಿಧಾನದಲ್ಲಿ ಮಾಡುತ್ತಾರೆಯೇ ಎಂದು ವಿಚಾರಿಸಿ, ಅದರಲ್ಲಿ ಬೈಸಲ್ಫೈಟ್ ಮತ್ತು ನೇರಳಾತೀತ ಬೆಳಕಿನ ಓದು ಇರುತ್ತದೆ, ಪ್ಯಾರಾಟೊಲುಯಿಡಿನ್ ಇರುವುದಿಲ್ಲ. ಇನ್‌ಫ್ರಾರೆಡ್ ಯಂತ್ರ ಒಂದು ಹನಿಯಲ್ಲಿ, ರಾಸಾಯನಿಕವಿಲ್ಲದೆ ಅನೇಕ ಅಂಕಿ ಕೊಡುತ್ತದೆ. ಆದರೆ ಅದಕ್ಕೆ ಮುಜಂಟಿ ತುಪ್ಪದ ಮಾದರಿಗಳನ್ನು ಕಲಿಸಿರಬೇಕು. ಸಾಮಾನ್ಯ ಜೇನುತುಪ್ಪದ ಮೇಲೆ ತಯಾರಾದ ಯಂತ್ರ ನಿಮ್ಮ ಅಪ್ಪಟ ತುಪ್ಪವನ್ನು ಕಲಬೆರಕೆ ಅನ್ನುತ್ತದೆ.

ಸಕ್ಕರೆ ವಿಂಗಡಣೆಯಲ್ಲಿ ಟ್ರೆಹಾಲುಲೋಸ್ ಅಳೆಯಲು ಹೇಳಿ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಕೊಂಡಿಯಿಲ್ಲದ ಜೇನಿನ ತುಪ್ಪದಲ್ಲಿ ಇದು ಮುಖ್ಯ ಸಕ್ಕರೆ ಎಂದು ತೋರಿಸಿದರು. ಅದಕ್ಕೂ ಮೊದಲು ಅನೇಕ ವರದಿಗಳಲ್ಲಿ ಇದನ್ನೇ ಮಾಲ್ಟೋಸ್ ಎಂದು ಬರೆದದ್ದಿದೆ. ನಿಮ್ಮ ವರದಿಯಲ್ಲಿ ಮಾಲ್ಟೋಸ್ ವಿಪರೀತ ಬಂದಿದ್ದರೆ ಮೊದಲು ಈ ಗೊಂದಲವನ್ನು ಪರಿಹರಿಸಿಕೊಳ್ಳಿ. ಟ್ರೆಹಾಲುಲೋಸ್ ಇದ್ದರೆ ಅದು ಮುಜಂಟಿಯ ಹೊಟ್ಟೆಯಿಂದ ಬಂದದ್ದು ಎನ್ನಬಹುದು, ಹೂವಿನಿಂದಲೇ ಬಂದದ್ದು ಎನ್ನಲಾಗದು. ಸಕ್ಕರೆ ನೀರು ತಿನ್ನಿಸಿದರೂ ಈ ಹುಳುಗಳು ಅದನ್ನು ತಯಾರಿಸುತ್ತವೆ. ಐಸೋಟೋಪ್ ಪರೀಕ್ಷೆ ಕಬ್ಬು, ಮೆಕ್ಕೆಜೋಳದ ಸಕ್ಕರೆಯನ್ನು ಹಿಡಿಯುತ್ತದೆ, ಅಕ್ಕಿ ಪಾಕ ಮತ್ತು ಬೀಟ್ ಸಕ್ಕರೆ ಅದರ ಕಣ್ಣು ತಪ್ಪಿಸುತ್ತವೆ. ಡಯಾಸ್ಟೇಸ್ (ಪಿಷ್ಟ ಒಡೆಯುವ ಕಿಣ್ವ) ಕಡಿಮೆ ಬಂದರೆ ತುಪ್ಪ ಹಳತು ಎಂದು ತೀರ್ಮಾನಿಸಬೇಡಿ, ಅನೇಕ ಪ್ರಭೇದಗಳ ತಾಜಾ ತುಪ್ಪದಲ್ಲೂ ಅದು ಕಡಿಮೆಯೇ.

ತೊಳೆದು ಮುಗಿಸುವಾಗ

ಆಮ್ಲ ಪರೀಕ್ಷೆಯ ದ್ರಾವಣಗಳನ್ನೆಲ್ಲ ಒಂದೇ ಪಾತ್ರೆಗೆ ಸುರಿದರೆ ಕೊನೆಗೆ ಸ್ವಲ್ಪ ಕ್ಷಾರ ಉಳಿದಿರುತ್ತದೆ. ಉಳಿದ ಸಿಟ್ರಿಕ್ ಆಮ್ಲದ ನೀರು ಹಾಕಿದರೆ ಅರಿಶಿನ ಮತ್ತೆ ಹಳದಿಗೆ ಬರುತ್ತದೆ, ಆಗ ಮೋರಿಗೆ ಬಿಡಬಹುದು. ಮಿಕ್ಕ ಕಾಸ್ಟಿಕ್ ಸೋಡಾ ದ್ರಾವಣವನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹೆಸರು ಬರೆದಿಡಿ, ಗಾಜಿನ ಬಿರಡೆ ಅದರಲ್ಲಿ ಕಚ್ಚಿಕೊಳ್ಳುತ್ತದೆ. ಅಯೋಡಿನ್ ತಾಗದ ಗಸಿ, ಸೋಸಿದ ಅರಿಶಿನ ಗೊಬ್ಬರದ ಗುಂಡಿಗೆ.

ತುಪ್ಪ ತೊಳೆದ ನೀರನ್ನು ಮಾತ್ರ ಹುಳುಗಳು ಕುಡಿಯಲಿ ಎಂದು ಗೂಡಿನ ಬಳಿ ಇಡಬೇಡಿ. ಬೇರೆ ಗೂಡುಗಳ ತುಪ್ಪದ ಜೊತೆ ಅವುಗಳ ರೋಗವೂ ಬರುತ್ತದೆ, ವಾಸನೆ ಹಿಡಿದು ದೊಡ್ಡ ಜೇನು ಮತ್ತು ಇರುವೆ ನುಗ್ಗುತ್ತವೆ. ಗೂಡುಗಳಿಂದ ದೂರ, ಮಣ್ಣು ತೋಡಿ ಸುರಿದು ಮುಚ್ಚಿ.